ಟಿವಿ ಸರಣಿಯ ಕಾಲಪಟ್ಟಿ ಹಾಕುವುದು ಹೇಗೆ? ಸ್ಟಾರ್ ಟ್ರೆಕ್ ಇಟ್ಟುಕೊಂಡು ಒಂದು ಮಾರ್ಗದರ್ಶಿ

‘ಸ್ಟಾರ್ ಟ್ರೆಕ್‌ನಲ್ಲಿ ಯಾವುದು ಮೊದಲು ನಡೆದದ್ದು, ಯಾವುದು ಆಮೇಲೆ?’ ನನ್ನನ್ನು ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಭಾನುವಾರ ಬೆಳಗ್ಗೆ ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ ಸೇರುವ ನಮ್ಮ ಗೆಳೆಯರು ಕೇಳುತ್ತಾರೆ. ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತಾ ಫೋನಿನಲ್ಲಿ ಸರಣಿ ನೋಡುವ ಹುಡುಗರೂ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸ್ಟಾರ್ ಟ್ರೆಕ್ ಅಂದರೆ ಮುಂದಿನ ಶತಮಾನಗಳ ಬಾಹ್ಯಾಕಾಶ ಹಡಗುಗಳ ಕಥೆ ಹೇಳುವ ಅಮೆರಿಕದ ಟಿವಿ ಸರಣಿಗಳು, ಸಿನಿಮಾಗಳು. 1966ರಲ್ಲಿ ಶುರುವಾದ ಮೊದಲ ಸರಣಿಯ ಕಥೆ ನಡೆಯುವುದು 2260ರ ದಶಕದಲ್ಲಿ. 2001ರಲ್ಲಿ ಬಂದ ‘ಎಂಟರ್‌ಪ್ರೈಸ್’ ಅದಕ್ಕಿಂತ ನೂರು ವರ್ಷ ಹಿಂದಕ್ಕೆ, 2151ಕ್ಕೆ ಹೋಗುತ್ತದೆ. 2017ರ ‘ಡಿಸ್ಕವರಿ’ 2256ರಲ್ಲಿ ಶುರುವಾಗಿ, ಮೂರನೇ ಸೀಸನ್ನಿಗೆ 32ನೇ ಶತಮಾನಕ್ಕೆ ಹಾರುತ್ತದೆ. ಯಾರಿಗೇ ಆದರೂ ತಲೆ ತಿರುಗುತ್ತದೆ ಅಲ್ವಾ?

ಸಿದ್ಧ ಪಟ್ಟಿಗಳು ಸಿಗುತ್ತವೆ, ನಿಜ. ಆದರೆ ಅವುಗಳಲ್ಲಿ ಬರೀ ಇಸವಿ ಇರುತ್ತದೆ. ಆ ಇಸವಿಯನ್ನು ಪಾತ್ರವೊಂದು ಬಾಯಿಬಿಟ್ಟು ಹೇಳಿತೋ, ಲೆಕ್ಕ ಹಾಕಿ ತೆಗೆದದ್ದೋ, ಅಭಿಮಾನಿಯೊಬ್ಬರು ಊಹಿಸಿದ್ದೋ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ಕಾಲಪಟ್ಟಿ ಅಂದರೆ ಇಸವಿಗಳ ಪಟ್ಟಿಗಿಂತ ಜಾಸ್ತಿ ಆಧಾರಗಳ ಪಟ್ಟಿ. ಹಾಗೆ ಮಾಡಿಟ್ಟರೆ ನಾಳೆ ಹೊಸ ಸರಣಿ ಬಂದು ಎಲ್ಲವನ್ನೂ ಬದಲಿಸಿದರೂ ನಿಮ್ಮ ಕೆಲಸ ಹಾಳಾಗುವುದಿಲ್ಲ.

ಏನೇನು ಬೇಕು?

ಒಂದು ಉದ್ದ ನೋಟ್‌ಬುಕ್ ಸಾಕು. ಕಂಪ್ಯೂಟರ್ ಇದ್ದರೆ ಎಕ್ಸೆಲ್ ಇನ್ನೂ ಒಳ್ಳೆಯದು, ಆಮೇಲೆ ಇಸವಿ ಪ್ರಕಾರ ಜೋಡಿಸುವುದು ಸುಲಭ. ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಸಂಖ್ಯೆಗಳು ಮಾತಿನಲ್ಲಿ ಸರ್ರನೆ ಹೋಗಿಬಿಡುತ್ತವೆ. ಪುಟದಲ್ಲಿ ಐದು ಕಾಲಂ ಎಳೆಯಿರಿ: ಘಟನೆ, ಇಸವಿ, ಯಾವ ಎಪಿಸೋಡಿನ ಎಷ್ಟನೇ ನಿಮಿಷ, ಯಾರು ಹೇಳಿದ್ದು, ಎಷ್ಟು ಗಟ್ಟಿ. ಪಕ್ಕದಲ್ಲಿ ಷರಾ ಬರೆಯಲು ಜಾಗ ಬಿಡಿ.

ನಿಮಿಷ ಬರೆಯುವುದು ಬೇಜಾರಿನ ಕೆಲಸ ಅನ್ನಿಸಬಹುದು. ಬಿಡಬೇಡಿ. ಆರು ತಿಂಗಳಾದ ಮೇಲೆ ಯಾರೋ ‘ಹಾಗೆ ಎಲ್ಲಿ ಹೇಳಿದ್ದಾರೆ, ತೋರಿಸಿ’ ಅಂದಾಗ ಮುಕ್ಕಾಲು ಗಂಟೆಯ ಎಪಿಸೋಡನ್ನು ಪೂರ್ತಿ ಮತ್ತೆ ನೋಡುವ ಗೋಳು ತಪ್ಪುತ್ತದೆ.

1. ಮೊದಲು ಗಡಿ ಹಾಕಿ

ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ, ಯಾವುದನ್ನು ಬಿಡುತ್ತೀರಿ ಎಂದು ಮೊದಲ ಪುಟದಲ್ಲೇ ಬರೆಯಿರಿ. ಕಥೆಯ ಜಗತ್ತಿನಲ್ಲಿ ‘ಇದು ನಿಜವಾಗಿ ನಡೆದದ್ದು’ ಎಂದು ಒಪ್ಪಿಕೊಂಡ ಭಾಗಕ್ಕೆ ಕ್ಯಾನನ್ ಅನ್ನುತ್ತಾರೆ. ಸ್ಟಾರ್ ಟ್ರೆಕ್ ವಿಷಯದಲ್ಲಿ ಟಿವಿ ಮತ್ತು ಸಿನಿಮಾ ತೆರೆಯ ಮೇಲೆ ಬಂದದ್ದನ್ನು ಸಾಮಾನ್ಯವಾಗಿ ಕ್ಯಾನನ್ ಎಂದೂ, ಕಾದಂಬರಿ, ಕಾಮಿಕ್ಸ್, ಗೇಮ್‌ಗಳನ್ನು ಹೊರಗಿನವು ಎಂದೂ ಇಟ್ಟುಕೊಳ್ಳುತ್ತಾರೆ. 1973–74ರ ಕಾರ್ಟೂನ್ ಸರಣಿಯ 22 ಎಪಿಸೋಡುಗಳ ಬಗ್ಗೆ ಬಹಳ ಕಾಲ ಜಗಳ ಇತ್ತು. ನೀವು ಸೇರಿಸಿದರೂ ಸರಿ, ಬಿಟ್ಟರೂ ಸರಿ. ಆದರೆ ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಬೇಡಿ.

2. ಮೂರು ಕ್ರಮಗಳನ್ನು ಬೇರೆ ಬೇರೆ ಇಡಿ

ಶೂಟಿಂಗ್ ಆದ ಕ್ರಮ ಒಂದು, ಟಿವಿಯಲ್ಲಿ ಬಂದ ಕ್ರಮ ಇನ್ನೊಂದು, ಕಥೆಯೊಳಗೆ ನಡೆದ ಕ್ರಮ ಮತ್ತೊಂದು. ಹೊಸಬರು ಮೊದಲು ಎಡವುವುದು ಇಲ್ಲೇ.

ಟಿವಿಯಲ್ಲಿ ಮೊದಲು ಬಂದದ್ದು ‘ದ ಮ್ಯಾನ್ ಟ್ರ್ಯಾಪ್’, 1966ರ ಸೆಪ್ಟೆಂಬರ್ 8ರಂದು. ಎರಡು ವಾರದ ನಂತರ ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ ಬಂತು. ಆದರೆ ಅದನ್ನು ತಯಾರಿಸಿದ್ದು ಮೊದಲು. ಅದು ಪೈಲಟ್, ಅಂದರೆ ಸರಣಿಗೆ ಒಪ್ಪಿಗೆ ಪಡೆಯಲು ಮಾಡುವ ಮಾದರಿ ಎಪಿಸೋಡ್. ನೋಡಿದರೆ ಗೊತ್ತಾಗುತ್ತದೆ: ಸಮವಸ್ತ್ರ ಬೇರೆ, ಹಡಗಿನ ಡಾಕ್ಟರು ಕೂಡ ಮುಂದೆ ಸರಣಿಯಲ್ಲಿ ಬರುವ ಮೆಕಾಯ್ ಅಲ್ಲ. ಹಾಗಾಗಿ ಕಥೆಯ ಕ್ರಮದಲ್ಲಿ ಅದನ್ನು ಮುಂದಕ್ಕೆ ತರುವುದೇ ಸರಿ. ಅದಕ್ಕೂ ಮುಂಚಿನ ಪೈಲಟ್ ‘ದ ಕೇಜ್’ ಪೂರ್ತಿಯಾಗಿ ಟಿವಿಗೆ ಬಂದದ್ದು 1988ರಲ್ಲಿ!

3. ಗಟ್ಟಿ ಇಸವಿಗಳನ್ನು ಹುಡುಕಿ

ಗಟ್ಟಿ ಇಸವಿ ಅಂದರೆ ಯಾವ ಲೆಕ್ಕವೂ ಇಲ್ಲದೆ ನೇರವಾಗಿ ಸಿಗುವ ಇಸವಿ. ಪಾತ್ರ ಹೇಳಿರಬೇಕು ಅಥವಾ ತೆರೆಯ ಮೇಲೆ ಬರೆದಿರಬೇಕು. ಇಂಥವು ನೀವು ಅಂದುಕೊಂಡದ್ದಕ್ಕಿಂತ ಕಮ್ಮಿ ಇರುತ್ತವೆ. ಮೊದಲ ಸರಣಿಯ ಕಥೆ ಯಾವ ಇಸವಿಯದು ಎಂದು ಅದರ 79 ಎಪಿಸೋಡುಗಳಲ್ಲಿ ಎಲ್ಲೂ ಖಚಿತವಾಗಿ ಹೇಳಿಲ್ಲ. 1982ರ ಎರಡನೇ ಸಿನಿಮಾದ ಆರಂಭದಲ್ಲಿ ‘23ನೇ ಶತಮಾನ’ ಎಂದು ಬರುತ್ತದೆ, ಅಷ್ಟೇ.

ಬೀಗದ ಕೈ ಸಿಕ್ಕಿದ್ದು 1988ರಲ್ಲಿ. ನಂತರದ ತಲೆಮಾರಿನ ಸರಣಿ ‘ದ ನೆಕ್ಸ್ಟ್ ಜನರೇಶನ್’ನ ಮೊದಲ ಸೀಸನ್ನಿನ ಕೊನೆಯ ಎಪಿಸೋಡ್ ‘ದ ನ್ಯೂಟ್ರಲ್ ಝೋನ್’ನಲ್ಲಿ, 20ನೇ ಶತಮಾನದಿಂದ ಹೆಪ್ಪುಗಟ್ಟಿ ಬಂದವರಿಗೆ ಹಡಗಿನ ಯಂತ್ರಮಾನವ ಅಧಿಕಾರಿ ಡೇಟಾ ಹೇಳುತ್ತಾನೆ: ನಿಮ್ಮ ಕ್ಯಾಲೆಂಡರಿನ ಪ್ರಕಾರ ಇದು 2364. ಇಡೀ ಸ್ಟಾರ್ ಟ್ರೆಕ್ ಲೆಕ್ಕ ಈ ಒಂದು ಮಾತಿನ ಮೇಲೆ ನಿಂತಿದೆ ಅಂದರೂ ತಪ್ಪಲ್ಲ. ಆಮೇಲೆ ಇನ್ನೂ ಕೆಲವು ಸಿಕ್ಕವು. 1996ರ ‘ಫಸ್ಟ್ ಕಾಂಟ್ಯಾಕ್ಟ್’ ಸಿನಿಮಾದಲ್ಲಿ ಮನುಷ್ಯರು ವಲ್ಕನ್ ಎಂಬ ಬೇರೆ ಗ್ರಹದವರನ್ನು ಮೊದಲ ಬಾರಿ ಭೇಟಿಯಾಗುವ ದಿನ 2063ರ ಏಪ್ರಿಲ್ 5. 2001ರಲ್ಲಿ ‘ವಾಯೇಜರ್’ನ ‘ಕ್ಯೂ2’ ಎಪಿಸೋಡ್, ಮೊದಲ ಸರಣಿಯ ಕ್ಯಾಪ್ಟನ್ ಕರ್ಕ್‌ನ ಐದು ವರ್ಷದ ಯಾನ ಮುಗಿದದ್ದು 2270ರಲ್ಲಿ ಎಂದಿತು.

ಈ 2270ರ ಹಿಂದೆ ಒಂದು ಒಳ್ಳೆಯ ಪಾಠ ಇದೆ. ಮೈಕಲ್ ಮತ್ತು ಡೆನಿಸ್ ಒಕುಡಾ ದಂಪತಿ 1993ರಲ್ಲಿ ಸ್ಟಾರ್ ಟ್ರೆಕ್ ಕಾಲಾನುಕ್ರಮದ ಪುಸ್ತಕ ತಂದರು. ಮೊದಲ ಸರಣಿಗೆ ಇಸವಿಯೇ ಇರಲಿಲ್ಲವಲ್ಲ, ಅದಕ್ಕೆ ‘ಪ್ರಸಾರವಾದ ದಿನದಿಂದ ಸರಿಯಾಗಿ 300 ವರ್ಷ ಮುಂದೆ’ ಎಂದು ಇಟ್ಟುಕೊಂಡರು. 1966 ಆಯಿತು 2266. ಇದು ನಮ್ಮ ಊಹೆ ಎಂದು ಅವರು ಮುಚ್ಚಿಡಲಿಲ್ಲ. ಮುಂದೆ ಸರಣಿಯೇ ಆ ಲೆಕ್ಕಕ್ಕೆ ಹೊಂದುವ ಇಸವಿ ಕೊಟ್ಟಿತು. ಊಹೆ ಮಾಡುವುದು ತಪ್ಪಲ್ಲ, ಊಹೆಯನ್ನು ಊಹೆ ಎಂದು ಬರೆಯದೇ ಇರುವುದು ತಪ್ಪು.

4. ಕೂಡಿ, ಕಳೆದು ಸರಪಳಿ ಕಟ್ಟಿ

ಗಟ್ಟಿ ಇಸವಿ ಕೈಯಲ್ಲಿದ್ದರೆ ‘ಇಷ್ಟು ವರ್ಷ ಹಿಂದೆ’ ಅನ್ನುವ ಮಾತುಗಳಿಗೆಲ್ಲ ಜೀವ ಬರುತ್ತದೆ. ನನಗೆ ತುಂಬಾ ಇಷ್ಟದ ಹಂತ ಇದು.

ಸುಲಭದ್ದರಿಂದ ಶುರುಮಾಡೋಣ. ‘ನೆಕ್ಸ್ಟ್ ಜನರೇಶನ್’ನ ಮೊದಲ ಎಪಿಸೋಡಿನಲ್ಲಿ ಮುದುಕ ಮೆಕಾಯ್ ಬರುತ್ತಾನೆ, ವಯಸ್ಸು 137. ಅದೇ ಸೀಸನ್ನಿನ ಕೊನೆಗೆ 2364 ಎಂದು ಡೇಟಾ ಹೇಳಿದ್ದಾನೆ. 2364ರಲ್ಲಿ 137 ಕಳೆದರೆ 2227. ಆದರೆ ಆ ವರ್ಷದ ಹುಟ್ಟುಹಬ್ಬ ಆಗಿತ್ತೋ ಇಲ್ಲವೋ ಗೊತ್ತಿಲ್ಲ. ಹಾಗಾಗಿ ‘2226 ಅಥವಾ 2227’ ಎಂದೇ ಬರೆಯಬೇಕು. ವಯಸ್ಸಿನಿಂದ ತೆಗೆದ ಯಾವ ಇಸವಿಗೂ ಈ ಒಂದು ವರ್ಷದ ಅಂತರ ಇದ್ದೇ ಇರುತ್ತದೆ.

ಇನ್ನೊಂದು ನೋಡಿ. 1967ರ ‘ಮೆಟಮಾರ್ಫಸಿಸ್’ ಎಪಿಸೋಡಿನಲ್ಲಿ, ಬೆಳಕಿಗಿಂತ ವೇಗದ ಹಡಗು ಕಂಡುಹಿಡಿದ ಜೆಫ್ರಮ್ ಕಾಕ್ರೇನ್ ಸಿಗುತ್ತಾನೆ. 150 ವರ್ಷದ ಹಿಂದೆ, 87ನೇ ವಯಸ್ಸಿನಲ್ಲಿ ಕಣ್ಮರೆಯಾದವನು. ಎಪಿಸೋಡ್ ನಡೆಯುವುದು 2267 ಅಂತಿಟ್ಟುಕೊಳ್ಳಿ. 150 ಕಳೆದರೆ 2117, ಅದರಲ್ಲಿ 87 ಕಳೆದರೆ 2030. ಅಂದರೆ 2063ರ ಮೊದಲ ಹಾರಾಟದ ಹೊತ್ತಿಗೆ ಅವನಿಗೆ 33ರ ಆಸುಪಾಸು. ಸಿನಿಮಾದಲ್ಲಿ ಅವನು ಅದಕ್ಕಿಂತ ಸಾಕಷ್ಟು ವಯಸ್ಸಾದವನಂತೆ ಕಾಣುತ್ತಾನೆ, ಅದು ಬೇರೆ ಮಾತು. ಮೂವತ್ತು ವರ್ಷದ ಅಂತರದಲ್ಲಿ ಬೇರೆ ಬೇರೆ ಜನ ಬರೆದ ಎರಡು ಕಥೆಗಳು ಇಷ್ಟು ಹತ್ತಿರ ಕೂಡಿಬರುವುದನ್ನು ಕಂಡಾಗ ಆಗುವ ಖುಷಿಯೇ ಬೇರೆ.

ಎಚ್ಚರಿಕೆ: ಸರಪಳಿ ಉದ್ದವಾದಷ್ಟೂ ಅನುಮಾನವೂ ಬೆಳೆಯುತ್ತದೆ. ಕಾಕ್ರೇನ್ ಲೆಕ್ಕದಲ್ಲಿ 2267 ನಮ್ಮ ಊಹೆ, 150 ದುಂಡು ಸಂಖ್ಯೆ. ಹಾಗಾಗಿ 2030ರ ಮುಂದೆ ‘ಸುಮಾರು’ ಹಾಕಲೇಬೇಕು.

5. ಸ್ಟಾರ್‌ಡೇಟ್‌ ನಂಬುವ ಮೊದಲು ಯಾವ ಪದ್ಧತಿ ನೋಡಿ

ಕ್ಯಾಪ್ಟನ್ ತನ್ನ ದಿನಚರಿಯ ಶುರುವಿನಲ್ಲಿ ಹೇಳುವ ಸಂಖ್ಯೆಯೇ ಸ್ಟಾರ್‌ಡೇಟ್, ಆ ಜಗತ್ತಿನ ತಾರೀಖು. ಇದನ್ನು ಹಿಡಿದು ಎಲ್ಲಾ ಬಿಡಿಸಬಹುದು ಎಂದು ಹೊರಟವರು ಅರ್ಧಕ್ಕೇ ಕೈಬಿಡುತ್ತಾರೆ. ಯಾಕೆಂದರೆ ಇಲ್ಲಿ ಒಂದಲ್ಲ, ಕನಿಷ್ಠ ಮೂರು ಪದ್ಧತಿಗಳಿವೆ.

ಮೊದಲ ಸರಣಿಯಲ್ಲಿ ನಾಲ್ಕು ಅಂಕಿ, ಒಂದು ದಶಮಾಂಶ. ‘ದ ಮ್ಯಾನ್ ಟ್ರ್ಯಾಪ್’ 1513.1, ಅದಕ್ಕಿಂತ ಆಮೇಲೆ ಪ್ರಸಾರವಾದ ಪೈಲಟ್ 1312.4. ಇಸವಿಗೆ ತಾಳೆಯಾಗಲಿ ಎಂದು ಹಾಕಿದ ಸಂಖ್ಯೆಗಳು ಇವಲ್ಲ. ಕಥೆ ಯಾವ ಶತಮಾನದ್ದು ಎಂದು ಗಟ್ಟಿಯಾಗಿ ಹೇಳದೇ ಇರುವುದಕ್ಕೇ ಈ ಪದ್ಧತಿ ತಂದದ್ದು. ಇಲ್ಲಿ ಸ್ಟಾರ್‌ಡೇಟ್ ಹೆಚ್ಚೆಂದರೆ ಹಿಂದುಮುಂದಿನ ಸುಳಿವು ಕೊಡುತ್ತದೆ.

ನಮ್ಮ ಕಡೆಯ ಶಾಸನ ಓದುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಬಿ.ಎಲ್. ರೈಸ್ ತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯ ಶಾಸನಗಳದ್ದು, 10ನೇದು ಕೋಲಾರದ್ದು. ಕಲ್ಲಿನ ಮೇಲೆ ಶಕವರ್ಷ ಇದ್ದರೆ ಇಸವಿ ಕೈಗೆ ಬಂದ ಹಾಗೆ. ಬರೀ ‘ವಿಶ್ವಾವಸು ಸಂವತ್ಸರ’ ಅಂತಿದ್ದರೆ? ಸಂವತ್ಸರಗಳ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. 1965ರ ಯುಗಾದಿಗೆ ಬಂದದ್ದೂ ವಿಶ್ವಾವಸು, 2025ರ ಯುಗಾದಿಗೆ ಬಂದದ್ದೂ ವಿಶ್ವಾವಸು. ಆಗ ಅರಸನ ಹೆಸರು, ಲಿಪಿ, ತಿಥಿ, ವಾರ ಎಲ್ಲವನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು. ಮೊದಲ ಸರಣಿಯ ಸ್ಟಾರ್‌ಡೇಟನ್ನೂ ಹಾಗೇ ನಡೆಸಿಕೊಳ್ಳಿ.

‘ನೆಕ್ಸ್ಟ್ ಜನರೇಶನ್’ನಿಂದ ಐದು ಅಂಕಿ ಬಂತು. ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಎರಡನೇ ಅಂಕಿ ಸೀಸನ್ನಿನದು, ಒಂದು ಸೀಸನ್ನಿಗೆ 1000. 41ರಿಂದ ಶುರುವಾಗುವ ಸಂಖ್ಯೆಗಳು ಮೊದಲ ಸೀಸನ್ನಿನವು, ಅಂದರೆ 2364. ಅಲ್ಲಿಂದ ಒಂದೊಂದೇ ಕೂಡಿಸುತ್ತಾ ಹೋಗಿ. ‘ವಾಯೇಜರ್’ ಶುರುವಾಗುವುದು 48315.6ರಲ್ಲಿ, 41ಕ್ಕಿಂತ ಏಳು ಜಾಸ್ತಿ, ಹಾಗಾಗಿ 2371. ‘ನೆಮೆಸಿಸ್’ ಸಿನಿಮಾ 56844.9, ಹದಿನೈದು ಜಾಸ್ತಿ, 2379.

ಆದರೆ ಇದರಿಂದ ತಿಂಗಳು, ದಿನ ತೆಗೆಯಲು ಹೋಗಬೇಡಿ. ‘ಡೇಟಾಸ್ ಡೇ’ ಎಪಿಸೋಡಿನ ಸ್ಟಾರ್‌ಡೇಟ್ 44390.1. 1000ಕ್ಕೆ ಒಂದು ವರ್ಷ, ಜನವರಿ ಒಂದಕ್ಕೆ ಸೊನ್ನೆ ಎಂದು ಲೆಕ್ಕ ಹಾಕಿದರೆ ಅದು ಮೇ ತಿಂಗಳ 22ರ ಸುಮಾರು. ಅದೇ ಎಪಿಸೋಡಿನಲ್ಲಿ ಹಡಗಿನ ಆ ದಿನದ ಕಾರ್ಯಕ್ರಮ ಹೇಳುತ್ತಾ, ಹಿಂದೂಗಳ ದೀಪದ ಹಬ್ಬದ ಆಚರಣೆಯೂ ಇದೆ ಅನ್ನುತ್ತಾನೆ ಡೇಟಾ. ಮೇ ತಿಂಗಳಲ್ಲಿ ದೀಪಾವಳಿ ಎಲ್ಲಿಂದ ಬರಬೇಕು! ಇಸವಿಗೆ ಮಾತ್ರ ಬಳಸಿ, ತಿಂಗಳಿಗೆ ಬೇಡ.

ಮೂರನೆಯದು 2009ರ ‘ಸ್ಟಾರ್ ಟ್ರೆಕ್’ ಸಿನಿಮಾದ್ದು. ಅದರಲ್ಲಿ 2258.42 ಅಂದರೆ 2258ನೇ ಇಸವಿಯೇ. ಇಷ್ಟು ನೇರವಾದದ್ದು ಹಿಂದೆ ಇರಲಿಲ್ಲ.

6. ಪ್ರತಿ ಆಧಾರಕ್ಕೂ ಗಟ್ಟಿತನದ ಗುರುತು ಹಾಕಿ

ನಾನು ಬಳಸುವ ಗುರುತುಗಳು ನಾಲ್ಕು. ‘ಅ’ ಅಂದರೆ ಇಸವಿಯನ್ನೇ ಹೇಳಿದ್ದು. ‘ಆ’ ಅಂದರೆ 137, 129ರಂಥ ಬಿಡಿ ಸಂಖ್ಯೆಯಿಂದ ಲೆಕ್ಕ ಹಾಕಿದ್ದು. ‘ಇ’ ಅಂದರೆ ದುಂಡು ಸಂಖ್ಯೆ: ನೂರು, ಇನ್ನೂರು, ಹದಿನೈದು. ‘ಊ’ ಅಂದರೆ ನಮ್ಮ ಊಹೆ.

ಇದು ಯಾಕೆ ಬೇಕು ಎಂದು ಖಾನ್ ಕಥೆ ನೋಡಿದರೆ ಗೊತ್ತಾಗುತ್ತದೆ. ಖಾನ್ ಅಂದರೆ 20ನೇ ಶತಮಾನದಿಂದ ಹಡಗಿನಲ್ಲಿ ಮಲಗಿಯೇ ಇದ್ದು, ಕರ್ಕ್ ಕಾಲದಲ್ಲಿ ಎದ್ದ ಸರ್ವಾಧಿಕಾರಿ. 1967ರ ‘ಸ್ಪೇಸ್ ಸೀಡ್’ ಎಪಿಸೋಡಿಗೆ ನನ್ನ ಪುಸ್ತಕದಲ್ಲಿ ಇರುವ ಸಾಲುಗಳು ಹೀಗಿವೆ:

ಖಾನ್ ಆಳ್ವಿಕೆ, 1992ರಿಂದ 1996. ಹೇಳಿದ್ದು ಕರ್ಕ್‌ನ ಜೊತೆಗಾರ ಸ್ಪಾಕ್. ಅ.
ಖಾನ್ ಮಲಗಿದ್ದ ಕಾಲ, ಎರಡು ಶತಮಾನ. ಹೇಳಿದ್ದು ಕರ್ಕ್, ಅಂದಾಜು ಎಂದು ತಾನೇ ಹೇಳಿ. ಇ.
ಎಪಿಸೋಡ್ ನಡೆದ ವರ್ಷ, 2267. ಪ್ರಸಾರದ ವರ್ಷಕ್ಕೆ 300 ಕೂಡಿಸಿದ್ದು. ಊ.

1996ಕ್ಕೆ 200 ಕೂಡಿಸಿದರೆ 2196. ಎಪಿಸೋಡ್ ನಡೆಯುವುದು 2267. ಎಪ್ಪತ್ತು ವರ್ಷ ಎಲ್ಲಿ ಹೋಯಿತು? ಗುರುತು ಹಾಕಿಲ್ಲದಿದ್ದರೆ ಇಲ್ಲೇ ಕೂತು ತಲೆ ಕೆಡಿಸಿಕೊಳ್ಳುತ್ತೀರಿ. ಹಾಕಿದ್ದರೆ ‘ಇ’ ಬಿಟ್ಟುಕೊಡುತ್ತದೆ, ಕರ್ಕ್ ಅಂದಾಜಿಗೆ ಹೇಳಿದ ಎಂದು ಮುಂದೆ ಹೋಗುತ್ತೀರಿ. 2267 ಊಹೆಯೇ ಆದರೂ ಅದಕ್ಕೆ 2270ರ ಬೆಂಬಲ ಇದೆ.

1982ರ ಸಿನಿಮಾದಲ್ಲೂ ಇದೇ ಕಥೆ. ಕರ್ಕ್ ತನ್ನನ್ನು ಒಂದು ಗ್ರಹದಲ್ಲಿ ಬಿಟ್ಟುಹೋಗಿ ಹದಿನೈದು ವರ್ಷ ಆಯಿತು ಅನ್ನುತ್ತಾನೆ ಖಾನ್. 2267ಕ್ಕೆ 15 ಕೂಡಿಸಿದರೆ 2282. ಆದರೆ ಅದೇ ಸಿನಿಮಾದಲ್ಲಿ ಮೆಕಾಯ್ ತಂದುಕೊಟ್ಟ ರೊಮ್ಯುಲನ್ ಮದ್ಯದ ಬಾಟಲಿ ಮೇಲೆ ಕರ್ಕ್ 2283 ಎಂದು ಓದುತ್ತಾನೆ, ಅದು ಹುಳಿಯಲು ಸಮಯ ಬೇಕು ಎಂದು ಮೆಕಾಯ್ ಉತ್ತರ ಕೊಡುತ್ತಾನೆ. ಹಾಗಾದರೆ ಸಿನಿಮಾ 2283ಕ್ಕಿಂತ ಆಮೇಲಿನದು. ಬಹಳ ಜನ 2285 ಅನ್ನುತ್ತಾರೆ, ನಾನೂ ಹಾಗೇ ಇಟ್ಟುಕೊಂಡಿದ್ದೇನೆ. ‘ಹದಿನೈದು’ ಅಂದದ್ದು ನಾವು ‘ಒಂದು ಹದಿನೈದು ವರ್ಷ ಆಯ್ತು’ ಅಂದ ಹಾಗೆ. ಇಂಥ ಸಣ್ಣ ವಸ್ತುಗಳ ಮೇಲೆ ಕಣ್ಣಿಡಿ: ಬಾಟಲಿ, ಗೋರಿಕಲ್ಲು, ಗೋಡೆಯ ಫಲಕ.

7. ಹೊಂದದೇ ಇದ್ದರೆ ಏನು ಮಾಡಬೇಕು?

ಮೊದಲು ಕೇಳಿಕೊಳ್ಳಿ: ಹೇಳಿದವನಿಗೆ ಗೊತ್ತಿರಲು ಸಾಧ್ಯ ಇತ್ತೇ? ಪಾತ್ರಗಳೂ ತಪ್ಪು ಹೇಳುತ್ತವೆ, ಸುಳ್ಳು ಹೇಳುತ್ತವೆ. ಆಮೇಲೆ ದುಂಡು ಸಂಖ್ಯೆಯೇ ನೋಡಿ. ಅದೂ ಅಲ್ಲದಿದ್ದರೆ, ಒಂದೇ ಆಧಾರ ಒಂದು ಕಡೆ, ಉಳಿದೆಲ್ಲ ಇನ್ನೊಂದು ಕಡೆ ಇದೆಯೇ ನೋಡಿ. ‘ದ ಸ್ಕ್ವೈರ್ ಆಫ್ ಗೋಥೋಸ್’ನಲ್ಲಿ ಟ್ರೆಲೇನ್ ಎಂಬವನು 900 ವರ್ಷದ ಹಿಂದಿನ ಭೂಮಿಯನ್ನು ನೋಡುತ್ತಿದ್ದಾನೆ ಎಂಬ ಮಾತು ಬರುತ್ತದೆ. ಅವನಿಗೆ ನೆಪೋಲಿಯನ್ ಗೊತ್ತು, 1804ರಲ್ಲಿ ಸತ್ತ ಅಮೆರಿಕದ ರಾಜಕಾರಣಿ ಹ್ಯಾಮಿಲ್ಟನ್ ವಿಷಯವೂ ಗೊತ್ತು. ಲೆಕ್ಕ ಹಾಕಿದರೆ ಕರ್ಕ್ ಇರುವುದು 2704ರಲ್ಲಿ! ಉಳಿದ ಯಾವುದಕ್ಕೂ ಇದು ಹೊಂದುವುದಿಲ್ಲ. ಸರಣಿಯ ಶುರುವಿನಲ್ಲಿ ಬರೆಯುವವರೇ ಶತಮಾನ ತೀರ್ಮಾನಿಸಿರಲಿಲ್ಲ. ಅಳಿಸಬೇಡಿ, ‘ಹೊರಗಿಟ್ಟಿದ್ದು’ ಎಂದು ಬೇರೆ ಪುಟದಲ್ಲಿ ಬರೆದಿಡಿ.

ಕೆಲವು ಗಂಟುಗಳು ಬಿಡಿಸಲು ಬರುವುದೇ ಇಲ್ಲ. ಬ್ರಿಟನ್ನಿನ ‘ಡಾಕ್ಟರ್ ಹೂ’ 1963ರಿಂದ ನಡೆದ ಸರಣಿ. ಅದರಲ್ಲಿ ಯುನಿಟ್ ಎಂಬ ಸೇನಾಪಡೆಯ ಕಥೆಗಳಿವೆ. 1975ರ ‘ಪಿರಮಿಡ್ಸ್ ಆಫ್ ಮಾರ್ಸ್’ನಲ್ಲಿ, ಆ ಪಡೆಯ ಬ್ರಿಗೇಡಿಯರ್ ಇನ್ನೂ ನೌಕರಿಯಲ್ಲಿದ್ದ ಕಾಲದ ಸಾರಾ ಎಂಬವಳು ತಾನು 1980ರವಳು ಅನ್ನುತ್ತಾಳೆ. 1983ರ ‘ಮಾಡ್ರಿನ್ ಅನ್‌ಡೆಡ್’ ನೋಡಿದರೆ, ಆ ಪಡೆಯ ಬ್ರಿಗೇಡಿಯರ್ 1977ಕ್ಕೆ ಆಗಲೇ ನಿವೃತ್ತನಾಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾನೆ. ಎರಡೂ ‘ಅ’ ಗುರುತಿನವೇ. 2008ರಲ್ಲಿ ಕಥಾನಾಯಕ ಡಾಕ್ಟರನ ಬಾಯಲ್ಲೇ ‘ಎಪ್ಪತ್ತರ ದಶಕವೋ, ಎಂಬತ್ತರದೋ’ ಎಂಬ ಅರ್ಥದ ಮಾತು ಹಾಕಿದರು. ಇಂಥ ಕಡೆ ಎರಡನ್ನೂ ಬರೆದು ಬಿಟ್ಟುಬಿಡಿ. ಸುಮ್ನೆ ಒಂದನ್ನು ಆರಿಸಿ ಇನ್ನೊಂದನ್ನು ಮುಚ್ಚಿಟ್ಟರೆ ಓದುವವರಿಗೆ ಮೋಸ ಮಾಡಿದ ಹಾಗೆ.

8. ಕವಲುಗಳಿಗೆ ಬೇರೆ ಪುಟ

ಕಾಲಪ್ರಯಾಣ ಇರುವ ಸರಣಿಯಲ್ಲಿ ಕಾಲವೇ ಕವಲೊಡೆಯುತ್ತದೆ. 2009ರ ಸಿನಿಮಾದಲ್ಲಿ ನೀರೋ ಎಂಬವನು ಭವಿಷ್ಯದಿಂದ 2233ಕ್ಕೆ ಬಂದು ಕೆಲ್ವಿನ್ ಎಂಬ ಹಡಗನ್ನು ಹೊಡೆಯುತ್ತಾನೆ. ಅಲ್ಲಿಂದ ಮುಂದೆ ಎರಡು ದಾರಿ. ಎರಡನ್ನೂ ಒಂದೇ ಕಾಲಂನಲ್ಲಿ ತುಂಬಿದರೆ ಪಟ್ಟಿ ಕೆಟ್ಟಿತು. 2233ರಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೊಸ ಕಾಲಂ ಶುರುಮಾಡಿ. ಅದೇ ಸಿನಿಮಾದಲ್ಲಿ ಮುದುಕ ಸ್ಪಾಕ್, 2258ರಲ್ಲಿ ನಿಂತು, ನಕ್ಷತ್ರವೊಂದು ಸಿಡಿಯುವುದು ಇಲ್ಲಿಂದ 129 ವರ್ಷಕ್ಕೆ ಅನ್ನುತ್ತಾನೆ. 2258ಕ್ಕೆ 129 ಕೂಡಿಸಿ, 2387. ಇದು ಹೊಸ ಕವಲಿನದ್ದಲ್ಲ, ಅವನು ಹೊರಟುಬಂದ ಹಳೆಯ ದಾರಿಯದ್ದು. ಮಾತು ಒಂದು ಕವಲಿನಲ್ಲಿ, ಘಟನೆ ಇನ್ನೊಂದರಲ್ಲಿ. ಬರೆಯುವಾಗ ಇದನ್ನು ಮರೆಯಬೇಡಿ.

9. ಹೊಸ ಸೀಸನ್ ಬಂದಾಗ

ಹಳೆಯ ಕಥೆಯನ್ನು ಹೊಸ ಕಥೆ ಬದಲಿಸುವುದಕ್ಕೆ ರೆಟ್‌ಕಾನ್ ಅನ್ನುತ್ತಾರೆ. 1990ರ ದಶಕ ಬಂತು, ಹೋಯಿತು, ನಮ್ಮ ಜಗತ್ತಿನಲ್ಲಿ ಯಾವ ಖಾನನೂ ಆಳಲಿಲ್ಲ. 2023ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಎಂಬ ಹೊಸ ಸರಣಿ ಈ ಗಂಟಿಗೆ ಕೈಹಾಕಿತು: ಕಾಲದಲ್ಲಿ ಕೈಯಾಡಿಸಿದ್ದರಿಂದ 1992ರ ಘಟನೆಗಳು ಮುಂದಕ್ಕೆ ಸರಿದವು, ಖಾನ್ 21ನೇ ಶತಮಾನದಲ್ಲಿ ಇನ್ನೂ ಮಗು. ಇದು ಕೆಲವರಿಗೆ ಸಿಟ್ಟು ತಂದಿತು. ನನಗೆ ಒಪ್ಪಿಗೆಯಾಯಿತು, ಹಳೆಯ ಮಾತನ್ನು ಇಲ್ಲವೆನ್ನದೆ ಕಾರಣ ಕೊಟ್ಟರಲ್ಲ ಎಂದು. ಇಂಥ ಸಂದರ್ಭದಲ್ಲಿ 1992ರ ಸಾಲನ್ನು ಅಳಿಸಬೇಡಿ. ಒಂದು ಗೆರೆ ಎಳೆದು, ಕೆಳಗೆ ಹೊಸದು ಬರೆದು, ಬರೆದ ತಾರೀಖು ಹಾಕಿ.

ಪಟ್ಟಿ ಒಂದು ಹಂತಕ್ಕೆ ಬಂದ ಮೇಲೆ ಇನ್ನೊಬ್ಬರ ಕೈಗೆ ಕೊಡಿ. ಬಾಯಲ್ಲಿ ಏನೂ ವಿವರಿಸಬೇಡಿ. ಬರೀ ಪುಸ್ತಕ ನೋಡಿ ಯಾವುದಾದರೂ ಹತ್ತು ಸಾಲನ್ನು ಎಪಿಸೋಡಿನಲ್ಲಿ ಹುಡುಕಿ ತೆಗೆಯಲು ಹೇಳಿ. ಸಿಗದೇ ಇದ್ದದ್ದನ್ನು ನೀವು ಮತ್ತೆ ನೋಡಬೇಕು.

ಮೊದಲ ಸಲ ಮಾಡುವವರಿಗೆ ಸ್ಟಾರ್ ಟ್ರೆಕ್ ದೊಡ್ಡದಾಯಿತು ಅನ್ನಿಸಿದರೆ ‘ಬ್ಯಾಬಿಲಾನ್ 5’ ತೆಗೆದುಕೊಳ್ಳಿ. ಐದು ಸೀಸನ್, 110 ಎಪಿಸೋಡ್, ಒಂದು ಸೀಸನ್ನಿಗೆ ಒಂದು ವರ್ಷ, 2258ರಿಂದ 2262ರವರೆಗೆ. ಕೊನೆಯ ಎಪಿಸೋಡ್ ಮಾತ್ರ 2281ಕ್ಕೆ ಹಾರುತ್ತದೆ, ಅದನ್ನು ನಾಲ್ಕನೇ ಸೀಸನ್ನಿನ ಜೊತೆಗೇ ಚಿತ್ರೀಕರಿಸಿ ಐದನೆಯದರ ಕೊನೆಗೆ ತೋರಿಸಿದರು. ತುಮಕೂರಿನಿಂದ ಬೆಂಗಳೂರಿಗೆ ಹೋಗುವಾಗ ಒಂದು, ಬರುವಾಗ ಒಂದು ಎಪಿಸೋಡ್ ನೋಡಿದರೆ ಮೊದಲ ಸೀಸನ್ ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಐದು ಕಾಲಂ ತುಂಬುವುದು ಅಷ್ಟರಲ್ಲಿ ಅಭ್ಯಾಸ ಆಗಿರುತ್ತದೆ.